ಯುಗಾದಿ ಲಿಲ್ಲಿಯ ಕುಂಡ

ವರದಾ ಹೊಳೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ಅಡವಯ್ಯಜ್ಜ ಎಂಬ ಗುರು, ಶಂಭುಲಿಂಗ ಎಂಬ ಶಿಷ್ಯ.

ಶಂಭುಲಿಂಗ ಬಂದು ಹನ್ನೊಂದು ವರ್ಷ. ಗುರುವಿನ ಒಂದೊಂದು ಮಾತೂ ಅವನಿಗೆ ಬಾಯಿಪಾಠ. ಬಂದವರು ಏನಾದರೂ ಕೇಳಿದರೆ ಸಾಕು, ಅಜ್ಜನವರು ಬಾಯಿ ತೆರೆಯುವ ಮೊದಲೇ "ಇದಕ್ಕ ಅಜ್ಜಾರು ಹಿಂದ ಒಂದು ಮಾತು ಹೇಳ್ಯಾರ" ಎಂದು ಶುರು ಮಾಡುತ್ತಿದ್ದ. ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅಜ್ಜನವರು ಸುಮ್ಮನೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಹೊಳೆಯಾಚೆಯ ಊರಿನವರು ಬಂದು, ತಮ್ಮ ಮಕ್ಕಳುಮರಿಗೆ ನಾಲ್ಕು ಒಳ್ಳೆಯ ಮಾತು ಹೇಳುವವರು ಬೇಕು ಎಂದರು.

"ಶಂಭುಲಿಂಗ ಬರ್ತಾನ" ಎಂದರು ಅಜ್ಜನವರು.

ಶಂಭುಲಿಂಗ ಅಂದು ಅರ್ಧ ಊಟಕ್ಕೇ ಎದ್ದ. ತಾನು ಮಾಡಿದ ತಪ್ಪಾದರೂ ಏನು? ಅಜ್ಜನ ನೆರಳು ಬಿಟ್ಟರೆ ತನ್ನನ್ನು ಯಾರು ಕೇಳುತ್ತಾರೆ? ಹೋಗುವುದಿಲ್ಲ ಎನ್ನಲು ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ.

ಅಂಗಳದ ಮೂಲೆಯಲ್ಲಿ ಒಂದು ಮಣ್ಣಿನ ಕುಂಡ. ಅದರಲ್ಲಿ ಲಿಲ್ಲಿ ಗಡ್ಡೆ. ಯುಗಾದಿಯ ಹೊತ್ತಿಗೆ ಅಂಗೈಯಗಲದ ಕೆಂಪು ಹೂ ಬಿಡುತ್ತಿದ್ದದ್ದು, ಮೂರು ವರ್ಷದಿಂದ ಬರೀ ಎಲೆ.

"ಅಜ್ಜಾರ, ಈ ಲಿಲ್ಲಿ ಹೂ ಬಿಟ್ಟ ಮ್ಯಾಲ ಹೋಗ್ತೀನಿ" ಎಂದ ಶಂಭುಲಿಂಗ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಲೆಕ್ಕ ಅವನದು.

"ಆಗ್ಲಿ" ಎಂದರು ಅಜ್ಜನವರು.

ಯುಗಾದಿ ಬಂತು, ಹೋಯಿತು. ಲಿಲ್ಲಿ ಹೂ ಬಿಡಲಿಲ್ಲ. ಶಂಭುಲಿಂಗನಿಗೆ ಒಳಗೊಳಗೇ ಸಂತೋಷ.

ಮರುದಿನ ಬೆಳಿಗ್ಗೆ ಅಜ್ಜನವರು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಒಡಿ ಇದನ್ನ."

"ಕುಂಡ ಚಲೋ ಐತಲ್ರಿ ಅಜ್ಜಾರ."

"ಒಡಿ."

ಒಡೆದ. ಒಳಗೆ ಮಣ್ಣು ಹಿಡಿಯಷ್ಟೂ ಇರಲಿಲ್ಲ, ಎಲ್ಲ ಗಡ್ಡೆಯೇ. ನಡುವೆ ದೊಡ್ಡ ಈರುಳ್ಳಿಯಂಥ ತಾಯಿಗಡ್ಡೆ, ಅದಕ್ಕೆ ಅಲುಗಾಡಲೂ ಜಾಗವಿಲ್ಲದಂತೆ ಒತ್ತಿಕೊಂಡು ಸುತ್ತಲೂ ಮರಿಗಡ್ಡೆಗಳು.

ಅಜ್ಜನವರು ಒಂದೊಂದೇ ಮರಿಯನ್ನು ಮೆಲ್ಲಗೆ ತಿರುಚಿ ಬಿಡಿಸತೊಡಗಿದರು. ಟಕ್ಕೆಂದು ಸಪ್ಪಳವಾದಾಗೆಲ್ಲ ಶಂಭುಲಿಂಗ ಅಜ್ಜನವರ ಕೈ ತಡೆಯಲು ಮುಂದಾಗಿ ಹಿಂದೆ ಸರಿಯುತ್ತಿದ್ದ.

"ತಾಯಿನ್ನ ಬಿಟ್ಟು ಇವು ಬದುಕ್ತಾವೇನ್ರಿ?"

"ಬುಡ ನೋಡು."

ಪ್ರತಿ ಮರಿಗೂ ತನ್ನದೇ ಬಿಳಿ ಬೇರುಗಳಿದ್ದವು.

ಒಂದು ಪುಟ್ಟ ಮರಿಗೆ ಮಾತ್ರ ಬೇರಿರಲಿಲ್ಲ. ಅಜ್ಜನವರು ಅದನ್ನು ತಾಯಿಗೇ ಬಿಟ್ಟರು.

"ನಾನೂ ಅದರಂಗ ಅದೀನ್ರಿ" ಎಂದ ಶಂಭುಲಿಂಗ. "ನನಗೂ ಬೇರಿಲ್ಲ."

"ಹನ್ನೊಂದು ವರ್ಷದಿಂದ ಬಂದ ಮಂದಿಗೆಲ್ಲ ಉತ್ರ ಕೊಡಾಂವ ಯಾರು ಮತ್ತ?"

ಅಜ್ಜನವರು ಮರಿಗಳನ್ನು ಅಂಗಳದ ಮಣ್ಣಿನ ಮಡಿಯಲ್ಲಿ ಗೇಣುದ್ದ ಅಂತರ ಬಿಟ್ಟು ಊರಿದರು, ಕುತ್ತಿಗೆ ಮಣ್ಣಿನ ಮೇಲೆ ಇರುವಂತೆ.

"ಯಾವಾಗ ಹೂ ಬಿಡ್ತಾವ್ರಿ?"

"ಎರಡು ವರ್ಷಕ್ಕೋ, ಮೂರು ವರ್ಷಕ್ಕೋ."

"ಅಲ್ಲೀತನಕ? ನಡುವ ಒಣಗಿದ್ರ? ಕೊಳೆತ್ರ? ಅಲ್ಲಿ ಮಣ್ಣು ಹಿಡೀಲಿಲ್ಲ ಅಂದ್ರ?" ಅವನು ಮಡಿಯ ಮುಂದೆ ಕೂತುಬಿಟ್ಟ. "ನನ್ನ ಗತಿ ಏನ್ರಿ ಅಜ್ಜಾರ?"

ಅಜ್ಜನವರು ತಾಯಿಗಡ್ಡೆಯನ್ನು ಹೊಸ ಕುಂಡದ ನಡುವೆ ಇಟ್ಟರು. ಸುತ್ತ ಸಡಿಲ ಮಣ್ಣು ತುಂಬಿದರು, ಒಂದು ಚೊಂಬು ನೀರು ಹನಿಸಿದರು. ಆಮೇಲೆ ಕೈ ಒರೆಸಿಕೊಂಡು ಶಿಷ್ಯನ ಹೆಗಲ ಮೇಲೆ ಇಟ್ಟರು.

"ಮರಿ ಗತಿ ಏನು ಅಂತ ಇಷ್ಟೊತ್ತು ಕೇಳಿದಿ, ಶಂಭು. ತಾಯಿ ಯಾಕ ಇಷ್ಟು ವರ್ಷ ಹೂ ಬಿಡಲಿಲ್ಲ ಅಂತ ಒಮ್ಮೆನೂ ಕೇಳಲಿಲ್ಲ."