ಹೂವಿನ ಚಿತ್ರದ ಹಿಂದಿನ ಹಲ್ಲಿ

ವಾರಿಜಮ್ಮನವರ ನಡುಮನೆಯ ಗೋಡೆಯಲ್ಲಿ ಹೂದಾನಿಯ ಚಿತ್ರವೊಂದಿತ್ತು. ನವ್ಯ ಶೈಲಿಯದು, ಹೂಗಳೆಲ್ಲ ಚೌಕ, ಹೂದಾನಿ ಓರೆ. ಅದರ ಹಿಂದೆ ಅವಿತು ಒಂದು ಹಲ್ಲಿ ಬದುಕಿತ್ತು. ಪೊರಕೆಯೆಂದರೆ ಅದಕ್ಕೆ ಜೀವಭಯ. ಹಾಗಾಗಿ ವಾರಿಜಮ್ಮ ಏನೇ ಹೇಳಲಿ, ಹೌದೆಂಬಂತೆ ಲೊಚಗುಟ್ಟುತ್ತಿತ್ತು. "ನೋಡಿದ್ರಾ, ಹಲ್ಲಿ ನುಡೀತು! ನನ್ನ ಮಾತು ಸತ್ಯ," ಎಂದು ಆಕೆ ಹಿಗ್ಗುತ್ತಿದ್ದರು. ಹಲ್ಲಿಯ ನುಡಿ ಆಕೆಗೆ ಬೇಕು. ಹಲ್ಲಿ ಮಾತ್ರ ಕಣ್ಣಿಗೆ ಬೀಳಬಾರದು.

ಒಂದು ದಿನ ಮನೆಗೆ ಹೊಸ ಪರದೆಗಳು ಬಂದವು. ವಾರಿಜಮ್ಮ ಗಂಡನನ್ನು ಕೇಳಿದರು: "ಈ ಚಿತ್ರ ಪರದೆಗೆ ಒಪ್ಪಲ್ಲ ರೀ. ತೆಗೆದುಬಿಡೋಣ್ವಾ?"

ಚಿತ್ರ ಪಿಸುಗುಟ್ಟಿತು: "ಹಲ್ಲಿಯಣ್ಣಾ, ಇದೊಂದು ಸಲ ಬಾಯಿ ಮುಚ್ಚಿಕೊಂಡಿರು. ನಾನು ಇಳಿದರೆ ನೀನೂ ಬಯಲಿಗೆ ಬೀಳುತ್ತೀಯ."

"ಸುಮ್ಮನಿದ್ದರೆ ಅಮ್ಮನವರಿಗೆ ಸಿಟ್ಟು ಬಂದೀತು," ಎಂದಿತು ಹಲ್ಲಿ.

ಗಂಡ ಹೆಂಡತಿ ಗೋಡೆಯತ್ತ ಕಿವಿಗೊಟ್ಟು ನಿಂತರು. ಆ ಮೌನ ಹಲ್ಲಿಯನ್ನು ಪೊರಕೆಗಿಂತ ಹೆಚ್ಚು ಹೆದರಿಸಿತು. ತಡೆಯಲಾರದೆ ಲೊಚಗುಟ್ಟಿಬಿಟ್ಟಿತು.

"ಸರಿ, ಹಲ್ಲಿಯೂ ಒಪ್ಪಿತು," ಎಂದು ಗಂಡ ಚಿತ್ರವನ್ನು ಮೊಳೆಯಿಂದ ಇಳಿಸಿದರು.

ಬೋಳು ಗೋಡೆಯ ನಡುವೆ ಹಲ್ಲಿಯೊಂದೇ ಉಳಿಯಿತು.

"ಅಯ್ಯೋ, ಹಲ್ಲಿ! ತಡೀರಿ, ಪೊರಕೆ ತರ್ತೀನಿ," ಎಂದು ವಾರಿಜಮ್ಮ ಚೀರಿದರು.

ಹಲ್ಲಿ ಮತ್ತೆ ಲೊಚಗುಟ್ಟಿತು.