ಕೆಂದನ ಕೊಂಬಿನ ಬಣ್ಣ

ಚಳಿಗಾಲದ ರಜೆ ಮುಗಿಸಿಕೊಂಡು ಮುದ್ದಯ್ಯ ಹೊಳೆದಂಡೆಯ ಮಠಕ್ಕೆ ವಾಪಸ್ಸು ಬಂದ. ಬಂದದ್ದು ಮೈ ಮಾತ್ರ. ಮನಸ್ಸು ಇನ್ನೂ ಊರಿನಲ್ಲೇ, ಅವ್ವನ ಒಲೆ ಮುಂದೆ ಚಳಿ ಕಾಯಿಸುತ್ತಾ ಕೂತಿತ್ತು.

ಮಾರನೆಯ ಬೆಳಗ್ಗೆ ಗಂಟೆ ಬಾರಿಸಿದರೂ ಅವನಿಗೆ ಎಚ್ಚರವಾಗಲಿಲ್ಲ. ಪಕ್ಕದವನು ಕಂಬಳಿ ಎಳೆಯಬೇಕಾಯಿತು. ಧ್ಯಾನಕ್ಕೆ ಕೂತರೆ ಕಣ್ಣ ಮುಂದೆ ಅಕ್ಕನ ಮಗು ಬಂತು. ಹೊರಡುವಾಗ ಅದು ಅವನ ಬೆರಳು ಹಿಡಿದು, ಬಿಡಿಸಿಕೊಂಡಷ್ಟೂ ಅತ್ತಿತ್ತು. ಅದನ್ನು ಹೇಗೋ ಮರೆತು ಮಂತ್ರ ಹಿಡಿದರೆ ಅವರೆಕಾಳು ಸಾರಿನ ಘಮ. ಛೆ, ಇಷ್ಟು ವರ್ಷದ ಸಾಧನೆ ಒಂದು ಸಾರಿಗೆ ಸೋತಿತಲ್ಲ ಎಂದು ಅವನಿಗೆ ಅಳುವೇ ಬಂತು.

ಎದ್ದವನೇ ಸೀದಾ ಗುರುಗಳ ಹತ್ತಿರ ಹೋದ. ರುದ್ರಮುನಿ ಗುರುಗಳು ಜಗಲಿಯ ಮೇಲೆ ಕೂತು ಹರಿದ ಕಂಬಳಿಗೆ ತೇಪೆ ಹಾಕುತ್ತಿದ್ದರು. ಮಠದಲ್ಲಿ ಎಲ್ಲರೂ ಅವರನ್ನು ‘ಬುದ್ಧಿ’ ಎಂದೇ ಕರೆಯುವುದು.

“ಬುದ್ಧಿ, ತಮ್ಮ ಮುಂದೆ ಒಂದು ಪ್ರತಿಜ್ಞೆ ಮಾಡಬೇಕು ಅಂತಿದೀನಿ.”

“ಏನಪ್ಪಾ ಅದು?”

“ಇನ್ಮೇಲೆ ಊರಿಗೆ ಹೋಗಲ್ಲ. ಹಬ್ಬಕ್ಕೂ ಇಲ್ಲ, ಹುಣ್ಣಿಮೆಗೂ ಇಲ್ಲ.”

“ನಿಮ್ಮವ್ವ ಏನಂತಾರೆ?”

“ಅಳ್ತಾಳೆ, ಬುದ್ಧಿ.”

“ನೀನು?”

ಅವ್ವನನ್ನು ಮತ್ತೆ ನೋಡುವುದಿಲ್ಲ ಎಂದುಕೊಳ್ಳುವುದು ಮುದ್ದಯ್ಯನಿಗೂ ಸುಲಭವಾಗಿರಲಿಲ್ಲ. ಮಠ ಬಿಟ್ಟುಹೋಗುವುದಂತೂ ಆಗದ ಮಾತು.

“ಹೋಗಿ ಬಂದರೆ ಇಲ್ಲಿಯ ಕೆಲಸಕ್ಕೆ ಮನಸ್ಸೇ ಬಗ್ಗಲ್ಲ, ಬುದ್ಧಿ. ಮನೆ, ಹಬ್ಬ, ಎಲ್ಲಾನೂ ಒಂದ್ಸಲ ತೊಳೆದು ಹಾಕಿಬಿಟ್ಟರೆ ಸರಿಹೋಗ್ತೀನಿ.”

ಗುರುಗಳು ದಾರವನ್ನು ಹಲ್ಲಿನಲ್ಲಿ ಕಡಿದರು.

“ಆಗಲಿ. ಸಂಜೆ ಪೂಜೆ ಆದ ಮೇಲೆ ಪ್ರತಿಜ್ಞೆ ಮಾಡುವೆಯಂತೆ. ಈಗ ನೀರು ತಗೊಂಡು ಬಾ. ಅಡುಗೆಮನೆ ಹಂಡೆ ಖಾಲಿಯಾಗಿದೆ.”

ಮಠಕ್ಕೆ ನೀರು ಬರುವುದು ಒಂಟೆತ್ತಿನ ಗಾಡಿಯಲ್ಲಿ. ಎತ್ತಿನ ಹೆಸರು ಕೆಂದ. ಗಾಡಿ ಪೀಪಾಯಿ ಹೊತ್ತುಕೊಂಡು ಹೊಳೆಯ ಹತ್ತಿರವೇ ನಿಂತಿರುತ್ತಿತ್ತು. ಮುದ್ದಯ್ಯ ಕೆಂದನನ್ನು ಬಿಚ್ಚಲು ಕೊಟ್ಟಿಗೆಗೆ ಹೋದರೆ, ಅದರ ಮೈಮೇಲೆ ಹಬ್ಬ ಹಾಗೇ ಇತ್ತು. ಸಂಕ್ರಾಂತಿಯ ದಿನ ಕಿಚ್ಚು ಹಾಯಿಸುವುದಕ್ಕೆ ಮಠದ ಪಕ್ಕದ ಊರಿನವರು ಅದನ್ನು ಹೊಡೆದುಕೊಂಡು ಹೋಗಿ, ಮೈಗೆಲ್ಲ ಅರಿಸಿನ ಬಳಿದು, ಎರಡೂ ಕೊಂಬಿಗೆ ಕೆಂಪು ಬಣ್ಣ ಹಚ್ಚಿ ಕಳಿಸಿದ್ದರು.

“ನಿನ್ನದೂ ನನ್ನ ಪಾಡೇ ಆಯ್ತಲ್ಲೋ! ಮದುಮಗನ ಥರ ಸಿಂಗಾರ ಮಾಡ್ಕೊಂಡು ನೊಗಕ್ಕೆ ಕತ್ತು ಕೊಡ್ತೀಯಾ ನೀನು?” ಅಂದ ಮುದ್ದಯ್ಯ.

ಹೊಳೆಗೆ ಹೊಡೆದುಕೊಂಡು ಹೋದವನು ನೀರು ತುಂಬುವುದನ್ನು ಬಿಟ್ಟು ಎತ್ತು ತೊಳೆಯುವುದಕ್ಕೆ ನಿಂತ. ಅರಿಸಿನ ಬೇಗ ಹೋಯಿತು. ಕೊಂಬಿನದು ಎಣ್ಣೆ ಬಣ್ಣ, ಜಪ್ಪಯ್ಯ ಅನ್ನಲಿಲ್ಲ. ತೆಂಗಿನ ನಾರಿನಲ್ಲಿ ತಿಕ್ಕಿದ. ಮರಳು ಹಾಕಿ ತಿಕ್ಕಿದ. ಕೊನೆಗೆ ಒಡೆದ ಹೆಂಚಿನ ಚೂರು ತಗೊಂಡು ಹೆರೆದ. ಒಂದು ಕೊಂಬು ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಎರಡನೆಯದಕ್ಕೆ ಕೈ ಹಾಕಿದಾಗ ಕೆಂದನಿಗೂ ಸಾಕಾಗಿ ತಲೆ ಕೊಡವಿತು. ಮುದ್ದಯ್ಯ ನೀರಿನಲ್ಲಿ ಕುಕ್ಕರುಬಡಿದ.

ಅತ್ತ ಅಡುಗೆಯವನ ಕೂಗಾಟ ಕೇಳಲಾರದೆ ಗುರುಗಳೇ ಹೊಳೆಗೆ ಇಳಿದು ಬಂದರು.

“ಏನಪ್ಪಾ ಮಾಡ್ತಿದೀಯ?”

“ಕೆಂದನ ಹಬ್ಬ ಇಳಿಸ್ತಿದೀನಿ, ಬುದ್ಧಿ. ಇನ್ನೊಂದು ಕೊಂಬು ಆಗಿಬಿಟ್ಟರೆ ಗಾಡಿ ಹೂಡ್ತೀನಿ.”

ಗುರುಗಳು ಹೆರೆದ ಕೊಂಬಿನ ಬುಡ ಮುಟ್ಟಿದರು. ಕೆಂದ ಬೆಚ್ಚಿ ಹಿಂದಕ್ಕೆ ಸರಿಯಿತು. ಹೆಂಚು ತಾಗಿ ಅಲ್ಲಿ ಚರ್ಮ ಕಿತ್ತು ರಕ್ತ ಬಂದಿತ್ತು.

“ನೋಯ್ತಿದೆ ಕಣೋ ಇದಕ್ಕೆ.”

ಮುದ್ದಯ್ಯನಿಗೆ ನಾಚಿಕೆಯಾಯಿತು. ಹೆಂಚಿನ ಚೂರನ್ನು ಹೊಳೆಗೆ ಎಸೆದ.

“ನೀರು ತುಂಬು,” ಎಂದರು ಗುರುಗಳು.

ಪೀಪಾಯಿ ತುಂಬಿತು. ಗುರುಗಳು ಕೆಂದನ ಕತ್ತು ಸವರಿ, ತಾವೇ ಹೂಡಿದರು. ದಂಡೆಯ ಏರು ತುಸು ಕಡಿದೇ. ಒಂದು ಕೊಂಬು ಕೆಂಪು, ಒಂದು ಕೊಂಬು ಬೋಳು, ನೋಡಿದವರು ನಗಬೇಕು ಹಾಗಿತ್ತು ಅದರ ಅವತಾರ. ಆದರೂ ಕೆಂದ ಯಾವತ್ತಿನ ಹಾಗೇ ಎಳೆಯಿತು. ಎಲ್ಲಿಯೂ ನಿಲ್ಲಲಿಲ್ಲ. ಹಂಡೆಗೆ ನೀರು ಬಿದ್ದ ಮೇಲೆ ಅಡುಗೆಯವನ ಗೊಣಗಾಟವೂ ನಿಂತಿತು. ಮುದ್ದಯ್ಯ ಯಾರೂ ಹೇಳದೆಯೇ ಅರಿಸಿನ ಅರೆದು ತಂದು ಗಾಯಕ್ಕೆ ಹಚ್ಚಿದ.

ಸಂಜೆ ಪೂಜೆ ಮುಗಿಯಿತು. ಮುದ್ದಯ್ಯ ಮಡಿ ಉಟ್ಟು ಬಂದು ಗುರುಗಳ ಮುಂದೆ ಕೈ ಮುಗಿದು ನಿಂತ.

“ಪ್ರತಿಜ್ಞೆ, ಬುದ್ಧಿ.”

“ಮಾಡುವೆಯಂತೆ. ಅದಕ್ಕೆ ಮೊದಲು ಒಂದು ಮಾತು ಹೇಳು. ಮಧ್ಯಾಹ್ನ ಗಾಡಿ ಎಳೆದದ್ದು ಬಣ್ಣದ ಕೊಂಬೋ, ನೀನು ತಿಕ್ಕಿದ ಕೊಂಬೋ?”

ಇದರಲ್ಲೇನೋ ಮಸಲತ್ತಿದೆ ಎಂದು ಮುದ್ದಯ್ಯನಿಗೆ ಅನ್ನಿಸಿತು. ಆದರೂ ಕಂಡದ್ದನ್ನೇ ಹೇಳಿದ.

“ಕೊಂಬು ಎಲ್ಲಿ ಎಳೆಯುತ್ತೆ ಬುದ್ಧಿ? ಎಳೆದದ್ದು ಹೆಗಲು.”

“ಹೌದಾ? ಮತ್ತೆ ನಿಮ್ಮವ್ವನ್ನ ಯಾಕಪ್ಪಾ ತಿಕ್ಕಿ ತೆಗೀತೀಯ?”