ಕೋಟೆ ಇಳಿದ ನಗಾರಿ

"ಬುದ್ಧೀ, ಜೊತೆಗಾರನಿಗೆ ನನ್ನ ಬಲವನ್ನು ಇದ್ದಷ್ಟೇ ಹೇಳಲೋ, ಒಂದಿಷ್ಟು ಕಡಿಮೆ ಮಾಡಿ ಹೇಳಲೋ?" ಎಂದು ಶಿಷ್ಯ ಕೇಳಿದ.

ಮಠದಲ್ಲಿ ಎರಕ ಹೊಯ್ಸಿದ ಹೊಸ ಗಂಟೆಯನ್ನು ಬೆಟ್ಟದ ಮೇಲಿನ ಗುಡಿಗೆ ಮುಟ್ಟಿಸಬೇಕಿತ್ತು. ಗಂಟೆಯನ್ನು ಬಿದಿರಿನ ಬೊಂಬಿಗೆ ಕಟ್ಟಿ ಇಬ್ಬರು ಹೊರಬೇಕು. ಏರು ಹತ್ತುವಾಗ ಹಿಂದಿನವನ ಮೇಲೆ ಭಾರ ಹೆಚ್ಚು. ಒಬ್ಬನ ಕಾಲು ಜಾರಿದರೆ ಇಬ್ಬರೂ ಕಣಿವೆಯ ಪಾಲು. ಹೊರಬೇಕಾದವರು ಈ ಶಿಷ್ಯ ಮತ್ತು ಮರುಳಪ್ಪ.

"ಕಡಿಮೆ ಏಕೆ ಹೇಳಬೇಕು?" ಎಂದರು ಗುರುಗಳು.

"ಭುಜ ನೋವು ಎಂದರೆ ಮರುಳಪ್ಪ ಹಿಂದೆ ನಿಲ್ಲುತ್ತಾನೆ. ಅವನೇನು ತನ್ನ ಬಲವನ್ನು ಪೂರ್ತಿ ಹೇಳುವವನೇ? ಅವನು ಮುಚ್ಚಿಡುವಷ್ಟು ನಾನೂ ಮುಚ್ಚಿಟ್ಟರೆ ಸರಿಗೆ ಸರಿಯಾಯಿತು."

"ಅವನನ್ನು ಕೇಳಿ ನೋಡಿದೆಯಾ?"

"ಇಲ್ಲ. ಎರಡು ದಿನದಿಂದ ಅವನ ಕಣ್ಣಿಗೆ ಬೀಳದೆ ಓಡಾಡುತ್ತಿದ್ದೇನೆ."

ಗುರುಗಳು ನಕ್ಕರು. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಕಣಿವೆಯ ಎರಡು ಕಡೆ ಎರಡು ಕೋಟೆ. ಮೂಡಣ ಕೋಟೆಗೆ ಒಬ್ಬ ನಾಯಕ, ಪಡುವಣ ಕೋಟೆಗೆ ಒಬ್ಬ ನಾಯಕ. ಮೂಡಣದವನ ಮಗಳನ್ನು ಪಡುವಣದವನ ಮಗನಿಗೆ ಕೊಟ್ಟು ಬೀಗರಾಗಿದ್ದರು. ಮೂಡಣದವನಿಗೆ ಮೂಡಲ ಬಯಲು ಮಾತ್ರ ಕಾಣುತ್ತಿತ್ತು, ಪಡುವಣದವನಿಗೆ ಪಡುವಲ ಬಯಲು ಮಾತ್ರ. ಅದಕ್ಕೆ ಒಂದು ಕಟ್ಟಳೆ ಮಾಡಿಕೊಂಡರು. ವೈರಿ ಕಂಡವನು ನಗಾರಿ ಬಾರಿಸಬೇಕು, ನೂರು ಕುದುರೆಗೆ ಒಂದು ಪೆಟ್ಟು. ಕೇಳಿಸಿಕೊಂಡವನು ಅದಕ್ಕೆ ತಕ್ಕಷ್ಟು ಜನ ಕಳಿಸಬೇಕು.

ಮೂಡಣ ನಾಯಕ ಜಾಣ. ಮೂರು ಕೇಳಿದವನು ಎರಡಕ್ಕಾಗುವಷ್ಟು ಕಳಿಸಿದರೆ ತನ್ನ ಗತಿಯೇನು ಎಂದು ಯೋಚಿಸಿದ. ಮುನ್ನೂರು ಕುದುರೆ ಬಂದಾಗ ಆರು ಪೆಟ್ಟು ಹೊಡೆಸಿದ. ಬೇಕಾದದ್ದಕ್ಕಿಂತ ಹೆಚ್ಚು ಜನ ಬಂದರು. ವೈರಿ ಓಡಿದ.

ಪಡುವಣ ನಾಯಕನೂ ಜಾಣ. ಓಡಿದ ದಂಡು ಬಿಟ್ಟುಹೋದ ಒಲೆಗಳನ್ನು ಅವನು ನಡೆದು ಎಣಿಸಿದ. ಹತ್ತು ಸವಾರರಿಗೆ ಒಂದು ಒಲೆ. ಇದ್ದದ್ದು ಮೂವತ್ತೇ ಒಲೆ. ಬೀಗರನ್ನು ಬಾಯಿಬಿಟ್ಟು ಕೇಳಿದರೆ ನಂಟಸ್ತಿಕೆ ಕೆಡುತ್ತದೆ ಎಂದು ಸುಮ್ಮನಾದ. ಮುಂದೆ ಮೂಡಣದ ನಗಾರಿ ಕೇಳಿದಾಗಲೆಲ್ಲ ಪೆಟ್ಟನ್ನು ಅರ್ಧ ಮಾಡಿ ಎಣಿಸಿದ.

ಹನ್ನೆರಡು ವರ್ಷ ಹೀಗೇ ನಡೆಯಿತು. ಅವನು ಇಮ್ಮಡಿ ಬಾರಿಸುವನು, ಇವನು ಅರ್ಧ ಕೇಳುವನು. ಎರಡೂ ಕೋಟೆ ಉಳಿದವು. ಇಬ್ಬರೂ ತಮ್ಮ ಜಾಣತನದಿಂದಲೇ ಉಳಿದವು ಎಂದುಕೊಂಡರು.

ಹದಿಮೂರನೆಯ ವರ್ಷ ಮೂಡಲ ಬಯಲಿಗೆ ಸಾವಿರದ ಇನ್ನೂರು ಕುದುರೆ ಬಂತು. ಅಷ್ಟು ದೊಡ್ಡ ದಂಡನ್ನು ಯಾರೂ ಕಂಡಿರಲಿಲ್ಲ. ನಗಾರಿಯ ಮುದುಕ ಕೋಲು ಎತ್ತಿ, "ಎಂದಿನಂತೆಯೇ, ದೊರೆ?" ಎಂದ.

ನಾಯಕ ತಡೆದ. ಇಪ್ಪತ್ತನಾಲ್ಕು ಪೆಟ್ಟು ಕೇಳಿದರೆ ಬೀಗರಿಗೆ ಎದೆ ಒಡೆಯುತ್ತದೆ. ಮೂಡಣ ಕೋಟೆಯ ಆಸೆ ಬಿಟ್ಟು, ತಮ್ಮ ಬಾಗಿಲು ಹಾಕಿಕೊಂಡು, ವೈರಿಯ ಹತ್ತಿರ ಸಂಧಿಗೆ ಆಳು ಕಳಿಸುತ್ತಾರೆ. ಹನ್ನೆರಡೇ ಈವರೆಗೆ ಕೇಳದ ಪೆಟ್ಟು. ಅಷ್ಟಕ್ಕೇ ಇದ್ದವರನ್ನೆಲ್ಲ ಕಟ್ಟಿಕೊಂಡು ಓಡಿ ಬರುತ್ತಾರೆ. ಹೀಗೆ ಎಣಿಸಿ, "ಈ ಸಲ ಇದ್ದಷ್ಟೇ ಬಾರಿಸು" ಎಂದ.

ಹನ್ನೆರಡು ಪೆಟ್ಟು ಕಣಿವೆ ದಾಟಿತು.

ಪಡುವಣ ನಾಯಕ ಬೆರಳು ಮಡಿಸಿದ. ಹನ್ನೆರಡು ಎಂದರೆ ಆರು. ಬೀಗರು ಗಾಬರಿಯಲ್ಲಿದ್ದಾರೆ, ಮೂರರಷ್ಟು ಬಾರಿಸಿದ್ದರೂ ಬಾರಿಸಿರಬಹುದು. ತನ್ನ ಮಗನ ಕೈಕೆಳಗೆ ಇನ್ನೂರು ಜನರನ್ನು ಕಳಿಸಿ, ಉಳಿದ ಸಾವಿರವನ್ನು ತನ್ನಲ್ಲೇ ಇಟ್ಟುಕೊಂಡ.

ಆ ಇನ್ನೂರು ಜನ ಹಿಂಬಾಗಿಲಿನಿಂದ ಮೂಡಣ ಕೋಟೆಗೆ ಬರುವ ಹೊತ್ತಿಗೆ ಹೊರಗೋಡೆ ಬಿದ್ದಿತ್ತು. ನಲವತ್ತು ಜನ ಸತ್ತಿದ್ದರು. ಒಳಗೋಡೆ ಇನ್ನೊಂದು ಹಗಲು ತಡೆದರೆ ಹೆಚ್ಚು.

"ಇಷ್ಟೇ ಜನವೇ, ಅಳಿಯಂದಿರೇ?" ಎಂದ ನಾಯಕ. "ಹನ್ನೆರಡು ಪೆಟ್ಟು ಕೇಳಿಸಲಿಲ್ಲವೇ?"

ಅಳಿಯ ತಲೆ ತಗ್ಗಿಸಿದ. "ಕೇಳಿಸಿತು ಮಾವ. ನಮ್ಮಲ್ಲಿ ನಿಮ್ಮ ಪೆಟ್ಟನ್ನು ಅರ್ಧ ಮಾಡಿ ಎಣಿಸುವುದು ವಾಡಿಕೆ."

"ಯಾವಾಗಿನಿಂದ?"

"ನನ್ನ ಮದುವೆಯಾದ ವರ್ಷದಿಂದ."

ಮುದುಕ ಮತ್ತೆ ಕೋಲು ಎತ್ತಿದ. "ಇನ್ನು ಎಷ್ಟು ಬಾರಿಸಲಿ, ದೊರೆ?"

ನಾಯಕ ಬಹಳ ಹೊತ್ತು ಲೆಕ್ಕ ಹಾಕಿದ. ಹನ್ನೆರಡು ಎಂದರೆ ಆರು ಅಂದುಕೊಳ್ಳುತ್ತಾರೆ. ಇಪ್ಪತ್ತನಾಲ್ಕು ಎಂದರೆ, ಬೆಳಿಗ್ಗೆ ಹನ್ನೆರಡಿದ್ದದ್ದು ಈಗ ಇಪ್ಪತ್ತನಾಲ್ಕು ಹೇಗಾಯಿತು, ನಮ್ಮ ಕೋಟೆ ಬರಿದು ಮಾಡಿಸುವ ಸಂಚೇನೋ ಅಂದುಕೊಳ್ಳುತ್ತಾರೆ. ಯಾವ ಸಂಖ್ಯೆಗೂ ಬೆಲೆ ಉಳಿದಿರಲಿಲ್ಲ.

"ಬಾರಿಸಬೇಡ. ನಗಾರಿ ಇಳಿಸು" ಎಂದ.

ನಾಯಕ ಬದುಕಿರುವ ತನಕ ನಗಾರಿ ಬುರುಜು ಇಳಿಯಬಾರದು. ನಗಾರಿ ಇಳಿದರೆ ಕೋಟೆಯ ಮಾನ ಇಳಿದಂತೆ.

ಅದನ್ನು ಎತ್ತಿನ ಬೆನ್ನಿಗೆ ಕಟ್ಟಿ, ಮುದುಕನ ಜೊತೆ ಹಿಂದಿನ ದಾರಿಯಲ್ಲಿ ಪಡುವಣ ಕೋಟೆಗೆ ಕಳಿಸಿದ. ಹೇಳಿ ಕಳಿಸಿದ್ದು ಇಷ್ಟೇ: "ನಾನು ಹನ್ನೆರಡು ವರ್ಷ ಇಮ್ಮಡಿ ಬಾರಿಸಿದೆ. ಇಂದು ಇದ್ದಷ್ಟೇ ಬಾರಿಸಿದೆ. ಇನ್ನು ಬಾರಿಸಲು ನನ್ನಲ್ಲಿ ನಗಾರಿಯೂ ಇಲ್ಲ. ಬೀಗರು ಬಂದು ತಾವೇ ಎಣಿಸಲಿ."

ಪಡುವಣದ ಮಂತ್ರಿ ನಗಾರಿಯ ಸುತ್ತ ಒಂದು ಸುತ್ತು ಬಂದು, "ಇದೂ ಒಂದು ಹೂಟ ಇರಬಹುದು, ದೊರೆ" ಎಂದ.

ನಾಯಕ ನಗಾರಿಯ ತೊಗಲಿನ ಮೇಲೆ ಕೈ ಇಟ್ಟ. ಅದು ಇನ್ನೂ ಬಿಸಿಲಿಗೆ ಕಾದಿತ್ತು. "ಸುಳ್ಳು ಹೇಳುವವನು ತನ್ನ ನಾಲಗೆ ಕಿತ್ತು ಕಳಿಸುವುದಿಲ್ಲ ಕಣಯ್ಯ" ಎಂದ.

ಬಾಗಿಲು ಕಾಯಲು ಇಪ್ಪತ್ತು ಜನರನ್ನು ಬಿಟ್ಟು ಉಳಿದವರನ್ನೆಲ್ಲ ಕರೆದುಕೊಂಡು ಹೊರಟ. ಮುಂದೆ ಎರಡು ಎತ್ತು, ಎತ್ತುಗಳ ಮೇಲೆ ಎರಡೂ ಕೋಟೆಯ ನಗಾರಿ. ಎರಡೂ ಒಟ್ಟಿಗೆ ಮೊಳಗುತ್ತ ಕಣಿವೆ ದಾಟಿದ್ದನ್ನು ಕೇಳಿ ವೈರಿಗಳು ತಿರುಗಿ ನೋಡಿದರು. ಇಳಿಹೊತ್ತಿಗೆ ಮೂಡಲ ಬಯಲು ಬರಿದಾಗಿತ್ತು.

ಬೀಗರಿಬ್ಬರೂ ಬಿದ್ದ ಗೋಡೆಯ ಕಲ್ಲಿನ ಮೇಲೆ ಕೂತರು. ಎದುರಿಗೆ ನಲವತ್ತು ಹೆಣಗಳಿದ್ದವು.

"ಬೀಗರೇ, ಹನ್ನೆರಡು ವರ್ಷ ನೀವು ಹೇಳಿದ ಸುಳ್ಳಿನಿಂದ ನನಗೇನೂ ಆಗಲಿಲ್ಲ" ಎಂದ ಪಡುವಣದವನು. "ಒಂದು ದಿನ ನಿಜ ಹೇಳಿದಿರಿ ನೋಡಿ, ಮುಳುಗಿಸಿಬಿಟ್ಟಿರಿ."

"ನೀವು ಒಲೆ ಎಣಿಸಿದ ದಿನವೇ ಬಂದು ಬೈದಿದ್ದರೆ ಈ ನಲವತ್ತು ಜನ ಇರುತ್ತಿದ್ದರು" ಎಂದ ಮೂಡಣದವನು. "ಬೀಗತನ ಇರುವುದು ಮತ್ತೆ ಯಾತಕ್ಕೆ, ಬೈಯುವುದಕ್ಕಲ್ಲವೇ?"

ಇಬ್ಬರಿಗೂ ಅಳುವಿನ ನಡುವೆಯೇ ನಗು ಬಂತು. ಆಮೇಲೆ ಒಂದು ಹೊಸ ಕಟ್ಟಳೆ ಮಾಡಿದರು. ಮೂಡಣದ ಬುರುಜಿನ ಮೇಲೆ ನಿಂತು ನೋಡಿ ಬಾರಿಸುವವನು ಪಡುವಣ ಕೋಟೆಯ ಆಳು. ಪಡುವಣದ ಬುರುಜಿನ ಮೇಲೆ ಮೂಡಣ ಕೋಟೆಯ ಆಳು. ಅಂದಿನಿಂದ ಪೆಟ್ಟನ್ನು ಯಾರೂ ಇಮ್ಮಡಿ ಮಾಡಲಿಲ್ಲ, ಯಾರೂ ಅರ್ಧ ಮಾಡಲಿಲ್ಲ. ಬಿದ್ದ ಗೋಡೆಯನ್ನು ಎರಡೂ ಕೋಟೆಯವರು ಸೇರಿ ಮೇಲೆತ್ತಿದರು.

ಕತೆ ಮುಗಿಯಿತು. ಶಿಷ್ಯ ಕೇಳಿದ:

"ಒಪ್ಪಿದೆ, ಬುದ್ಧೀ. ಆದರೆ ನಗಾರಿಯನ್ನು ಮೊದಲು ಇಳಿಸುವವನಿಗೇ ಅಲ್ಲವೇ ಅಪಾಯ? ನಾನು ಇದ್ದದ್ದು ಹೇಳಿ, ಮರುಳಪ್ಪ ಹೇಳದೆ ಹೋದರೆ?"

ಗುರುಗಳು ಹೇಳಿದರು: "ಮೊನ್ನೆ ಮರುಳಪ್ಪನೂ ಇದನ್ನೇ ಕೇಳಿದ; ಆಗಿನಿಂದ ನಿನ್ನನ್ನೇ ಹುಡುಕುತ್ತಿದ್ದಾನೆ."